ಎಮೆರಿಕ್ ಇಲ್ಲದ ತಂಡ

ಐಲಿ ಕೋಸ್ಕೆಲಾಳ ವರ್ಷ ಶುರುವಾಗುತ್ತಿದ್ದದ್ದು ಹ್ಯಾಮಿಲ್ಟನ್ ಹೆರನ್ಸ್ ತಂಡ ಸೋತು ಮನೆ ಸೇರಿದ ಮಾರನೆಯ ದಿನ. ಆ ತಂಡ ಪ್ರತಿ ವಸಂತದಲ್ಲೂ ಸೋಲುತ್ತಿತ್ತು, ಹಾಗಾಗಿ ಅವಳ ವರ್ಷವೂ ತಪ್ಪದೆ ಶುರುವಾಗುತ್ತಿತ್ತು. ಥಂಡರ್ ಬೇ ಊರಿನ ಬೇಕರಿಯಲ್ಲಿ ಬೆಳಗಿನ ಪಾಳಿ ಮುಗಿಸಿ, ಬನ್ನಿಗೆ ಬಳಿದು ಬಳಿದು ಕೈಗಂಟಿದ ಗುಲಾಬಿ ಸಕ್ಕರೆಯನ್ನು ತೊಳೆದುಕೊಂಡು ಮನೆಗೆ ಬರುವಳು. ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ತೆರೆಯುವಳು. ಮುಂದಿನ ಋತುವಿಗೆ ಯಾರನ್ನು ಉಳಿಸಿಕೊಳ್ಳಬೇಕು, ಯಾರನ್ನು ಬಿಡಬೇಕು, ಯಾರಿಗೆ ಎಷ್ಟು ಕೊಡಬೇಕು ಎಂದು ಲೆಕ್ಕ ಹಾಕುತ್ತ ಕೂತರೆ ಸೂರ್ಯ ಇಳಿದು ಸರೋವರ ಕಪ್ಪಾದರೂ ದೀಪ ಹಾಕುವ ನೆನಪಿರುತ್ತಿರಲಿಲ್ಲ.

ಐಸ್ ಹಾಕಿಯ ದೊಡ್ಡ ಲೀಗಿನಲ್ಲಿ ಒಂದು ತಂಡ ತನ್ನ ಆಟಗಾರರಿಗೆಲ್ಲ ಸೇರಿ ಕೊಡುವ ಸಂಬಳಕ್ಕೆ ಮಿತಿಯುಂಟು. ಮಾಲೀಕ ಎಷ್ಟೇ ಸಿರಿವಂತನಾಗಿರಲಿ, ಹಾಸಿಗೆ ಇದ್ದಷ್ಟೇ ಕಾಲು. ಒಬ್ಬನ ಕಾಲು ಉದ್ದವಾದರೆ ಇನ್ನೊಬ್ಬ ಮುದುರಿಕೊಳ್ಳಬೇಕು, ಇಲ್ಲವೇ ಎದ್ದು ಹೋಗಬೇಕು. ಅಭಿಮಾನಿಗಳಿಗೆಂದೇ ಒಂದು ಜಾಲತಾಣವಿತ್ತು. ಅಲ್ಲಿ ಯಾರು ಬೇಕಾದರೂ ತಮ್ಮ ತಂಡ ಕಟ್ಟಿ ಹಾಕಬಹುದು, ಉಳಿದವರು ಹೊಗಳಬಹುದು, ಹೀಯಾಳಿಸಬಹುದು. ಮಿತಿ ದಾಟಿದರೆ ಮೊತ್ತ ಕೆಂಪಾಗಿ ಕಾಣುತ್ತಿತ್ತು. ಅಲ್ಲಿ ಐಲಿಯ ಹೆಸರು 'ಪಿಂಕ್‌ಬನ್'.

ಎಲ್ಲರೂ ತಾರೆಯ ಹೆಸರಿನಿಂದ ತಂಡ ಕಟ್ಟಲು ಶುರುಮಾಡಿದರೆ ಪಿಂಕ್‌ಬನ್ ತಳದಿಂದ ಶುರುಮಾಡುತ್ತಿದ್ದಳು. ಮೊದಲು ಬರೆಯುತ್ತಿದ್ದ ಹೆಸರು ಎಮೆರಿಕ್ ಲಶಾನ್ಸ್. ಸರದಿಯಲ್ಲಿ ಕಡೆಗೆ ಕಣಕ್ಕಿಳಿಯುವ ನಾಲ್ಕನೇ ಸಾಲಿನ ಎಡಬದಿಯ ಆಟಗಾರ, ಲೀಗಿನ ಅತಿ ಕಡಿಮೆ ಸಂಬಳದವನು. ಆ ಅತಿ ಕಡಿಮೆ ಸಂಬಳವೂ ಐಲಿ ಬೇಕರಿಯಲ್ಲಿ ಜನ್ಮವಿಡೀ ಬನ್ನು ಕರಿದರೂ ಕಾಣದಂಥದ್ದು, ಆ ಮಾತು ಬೇರೆ. ಅವನನ್ನು ಕೂರಿಸಿದ ಮೇಲೆ ಉಳಿದ ಜಾಗದಲ್ಲಿ ಉಳಿದವರು.

"ಮನೆ ಕಟ್ಟೋಕೆ ಮುಂಚೆ ಚಪ್ಪಲಿ ಗೂಡು ಮಾಡಿಸೋ ಹೆಂಗಸನ್ನ ನಾನು ಬೇರೆಲ್ಲೂ ಕಂಡಿಲ್ಲ," ಎನ್ನುತ್ತಿದ್ದ ವೆಂಡೆಲ್ ಸ್ಟಾಡ್ನಿಕ್. ಬಂದರಿನ ಧಾನ್ಯದ ಗೋದಾಮಿನಲ್ಲಿ ದುಡಿದು ನಿವೃತ್ತನಾದವನು. ಬೆಳಿಗ್ಗೆ ಬೇಕರಿಯ ಬಾಗಿಲು ತೆಗೆಯುವ ಮೊದಲೇ ಹೊರಗೆ ನಿಂತಿರುತ್ತಿದ್ದ. ಅವನ ಹೆಂಡತಿ ತೀರಿಕೊಂಡಿದ್ದಳು. ಮನೆಯ ಕಾಫಿ ಕಹಿ ಎಂಬುದು ಅವನು ಎಲ್ಲರಿಗೂ ಹೇಳುತ್ತಿದ್ದ ಕಾರಣ.

"ಗೂಡಿದ್ರೆ ಚಪ್ಪಲಿ ಕಳೆಯಲ್ಲ, ವೆಂಡೆಲ್. ನಿಂದು ಒಂದು ಯಾವಾಗ್ಲೂ ಕಳೆದಿರುತ್ತೆ," ಎಂದು ಐಲಿ ಬನ್ನು ಮುಂದಿಡುವಳು.

ಹೀಗೆ ಎಷ್ಟೋ ಬೇಸಿಗೆಗಳು ಹೋಗಿದ್ದವು.

ಐಲಿಯ ಗಂಡ ರೈನೊ ಆಲ್ಬರ್ಟಾದ ಎಣ್ಣೆ ಬಾವಿಗಳ ಕೆಲಸಕ್ಕೆಂದು ಹೋದವನು. ತಿಂಗಳಿಗೊಮ್ಮೆ ಬರುತ್ತಿದ್ದವನು ಹಬ್ಬಕ್ಕೊಮ್ಮೆ ಬಂದ, ಆಮೇಲೆ ವಕೀಲನ ಕಾಗದ ಬಂತು. ಮಕ್ಕಳಿರಲಿಲ್ಲ. ಮನೆಯ ಕೆಳಗಿನ ಕೋಣೆ ಖಾಲಿಯಿತ್ತು. ಊರಿನ ಜೂನಿಯರ್ ಹಾಕಿ ತಂಡ ಪರ ಊರಿನ ಹುಡುಗರಿಗೆ ಮನೆಗಳನ್ನು ಹುಡುಕುತ್ತಿತ್ತು, ಊಟದ ಖರ್ಚಿಗೆ ಅಷ್ಟಿಷ್ಟು ಕೊಡುತ್ತಿತ್ತು. ಮನೆಯಲ್ಲಿ ಯಾರದಾದರೂ ಹೆಜ್ಜೆ ಸಪ್ಪಳ ಕೇಳಲಿ ಎಂದು ಐಲಿ ಒಪ್ಪಿಕೊಂಡಳು. ಅದನ್ನು ಮಾತ್ರ ಅವಳು ತಂಡದವರಿಗೆ ಹೇಳಲಿಲ್ಲ.

ಹುಡುಗರು ಬಂದರು, ಹೋದರು. ಒಬ್ಬ ಬರೀ ಸಿಹಿ ತಿನ್ನುತ್ತಿದ್ದ, ಇನ್ನೊಬ್ಬ ರಾತ್ರಿ ಅಳುತ್ತಿದ್ದ. ಹೆಚ್ಚಿನವರು ಒಂದು ಚಳಿಗಾಲ ಇದ್ದು ಹೆಸರೂ ಉಳಿಸದೆ ಹೋದರು. ಹರ್ಸ್ಟ್ ಎಂಬ ಫ್ರೆಂಚ್ ಮಾತಿನ ದೂರದ ಊರಿನಿಂದ ಬಂದ ಎಮೆರಿಕ್ ಮೂರು ಚಳಿಗಾಲ ಉಳಿದ. ಬಂದಾಗ ಅವನಿಗಿಂತ ಅವನ ಚೀಲವೇ ದೊಡ್ಡದಿತ್ತು, ಬಾಯಲ್ಲಿ ಫ್ರೆಂಚ್ ಬಿಟ್ಟರೆ ಬೇರೆ ಮಾತು ಸಲೀಸಾಗಿ ಬರುತ್ತಿರಲಿಲ್ಲ. ಐಲಿಗೆ ಫ್ರೆಂಚ್ ಬಾರದು. ಅವನು ಇಂಗ್ಲಿಷಿನಲ್ಲಿ ಎಡವಿದಾಗೆಲ್ಲ ಐಲಿ ಅವನಿಗೆ ಫಿನ್ಲೆಂಡ್ ಮೂಲದ ತನ್ನ ಅಜ್ಜಿಯ ಫಿನ್ನಿಶ್ ಮಾತನ್ನು ನಾಲ್ಕು ನಾಲ್ಕು ಪದ ಕಲಿಸಿದಳು. ಅವಳನ್ನು ಅವನು 'ಟ್ಯಾಟಿ' ಎಂದು ಕರೆದ. ಚಿಕ್ಕಮ್ಮ, ಅತ್ತೆ, ಏನು ಬೇಕಾದರೂ ಆಗುವ ಪದ ಅದು. ನೆಲಮಾಳಿಗೆಯ ಮೆಟ್ಟಿಲನ್ನು ಅವನು ಎರಡೆರಡು ದಾಟಿ ಹತ್ತುವ ಸದ್ದು ಕೇಳಿದರೆ ಅವಳು ಒಲೆಯ ಮೇಲೆ ಬಾಣಲೆ ಇಡುತ್ತಿದ್ದಳು.

ಅವನು ಬೆಳೆದು ಹೆರನ್ಸ್ ಸೇರಿದಾಗ ಐಲಿಯೂ ಹೆರನ್ಸ್ ಅಭಿಮಾನಿಯಾದಳು. ಅದಕ್ಕೆ ಮೊದಲು ಅವಳಿಗೆ ಆ ತಂಡದ ಅಂಗಿಯ ಬಣ್ಣವೂ ಗೊತ್ತಿರಲಿಲ್ಲ. ಅವನು ಕ್ರಿಸ್‌ಮಸ್‌ಗೆ ಫೋನ್ ಮಾಡುತ್ತಿದ್ದ. ಒಂದೆರಡು ವರ್ಷ ಬೇಸಿಗೆಯಲ್ಲಿ ಬಂದು ಹೋದ, ಆಮೇಲೆ ಬರುವುದು ನಿಂತಿತು. ಅವಳಿಗೆ ಅದು ಸಹಜವೆನಿಸಿತು. ಪ್ರತಿ ಜೂನ್‌ನಲ್ಲಿ ಅವನ ಹೆಸರನ್ನು ಮೊದಲು ಬರೆಯುವುದೂ ಅಷ್ಟೇ ಸಹಜವೆನಿಸಿತು.

ಎಮೆರಿಕ್‌ಗೆ ಮೂವತ್ತೊಂದು ತುಂಬಿದ ವರ್ಷ ಅವನ ಒಪ್ಪಂದ ಮುಗಿಯಿತು. ತಂಡದ ಎಳೆಯ ತಾರೆಯೊಬ್ಬನಿಗೆ ರಾಶಿ ರಾಶಿ ಹಣ ಕೊಡಬೇಕಾದ ಕಾಲವೂ ಅದೇ. ಐಲಿ ಎಂದಿನಂತೆ ತಳದಿಂದ ಶುರುಮಾಡಿದಳು. ಒಬ್ಬ ರಕ್ಷಣಾ ಆಟಗಾರನನ್ನು ಬೇರೆ ತಂಡಕ್ಕೆ ಮಾರಿ ನೋಡಿದಳು. ಎರಡನೇ ಗೋಲ್‌ಕೀಪರನನ್ನು ಬದಲಿಸಿ ನೋಡಿದಳು. ಕಷ್ಟಪಟ್ಟರೆ ಲೆಕ್ಕ ಕೂಡುತ್ತಿತ್ತು. ಕೂಡದೆ ಇದ್ದದ್ದು ಬೇರೆ.

ಚಳಿಗಾಲವೆಲ್ಲ ಟಿವಿಯಲ್ಲಿ ಅವನ ಆಟ ನೋಡಿದ್ದಳು. ಜನವರಿಯಿಂದ ಅವನ ಎಡಗಾಲು ಅವನ ಮಾತು ಕೇಳುತ್ತಿರಲಿಲ್ಲ. ವಿವರಣೆ ಹೇಳುವವರು ದಣಿವೆಂದರು, ಲಯ ತಪ್ಪಿದೆಯೆಂದರು. ಮೂರು ಚಳಿಗಾಲ ಮೆಟ್ಟಿಲ ಮೇಲೆ ಆ ಕಾಲುಗಳ ಸದ್ದು ಕೇಳಿದ್ದವಳಿಗೆ ಅದು ದಣಿವಲ್ಲವೆಂದು ಗೊತ್ತಾಗಿತ್ತು. ಅವನ ಜಾಗಕ್ಕೆ ಹತ್ತೊಂಬತ್ತರ ಹುಡುಗನೊಬ್ಬ ಕಾದಿದ್ದ. ಚುರುಕಾಗಿದ್ದ. ಅವನ ಹೆಸರು ಬರೆದರೆ ತಂಡ ತಂಡವಾಗಿ ಕಾಣುತ್ತಿತ್ತು.

ವಾರಗಟ್ಟಲೆ ಅತ್ತಿತ್ತ ಮಾಡಿ ಒಂದು ಮಧ್ಯಾಹ್ನ ಐಲಿ ಎಮೆರಿಕ್ ಇಲ್ಲದ ತಂಡವನ್ನು ಜಾಲತಾಣಕ್ಕೆ ಹಾಕಿಬಿಟ್ಟಳು. ಕಾರಣದ ಜಾಗದಲ್ಲಿ 'ವಯಸ್ಸು, ಸಂಬಳದ ಮಿತಿ' ಎಂದಷ್ಟೇ ಬರೆದಳು. ಅವಳನ್ನು ವರ್ಷಗಳಿಂದ ಹೀಯಾಳಿಸುತ್ತಿದ್ದವರೆಲ್ಲ ಅಂದು ಹೊಗಳಿದರು. ಅಂತೂ ಪಿಂಕ್‌ಬನ್‌ಗೆ ಬುದ್ಧಿ ಬಂತು ಎಂದು ಒಬ್ಬ ಬರೆದ. ಆ ಹೊಗಳಿಕೆಯನ್ನು ಪೂರ್ತಿ ಓದದೆ ಅವಳು ಎದ್ದು ಪಾತ್ರೆ ತೊಳೆಯತೊಡಗಿದಳು. ಮರುದಿನ ವೆಂಡೆಲ್ ಬಂದು ಕೂತ. ಅವನೂ ನೋಡಿದ್ದ. ಚಪ್ಪಲಿ ಗೂಡಿನ ಮಾತೆತ್ತಲಿಲ್ಲ. ಕಾಫಿ ಕುಡಿದು, ಹೊರಗೆ ಗಾಳಿ ಜೋರಾಗಿದೆ ಎಂದು ಹೇಳಿ ಹೋದ.

ಜುಲೈಯ ಒಂದು ಮಧ್ಯಾಹ್ನ ಮನೆಯ ಮುಂದೆ ಕಾರು ನಿಂತಿತು. ಎಮೆರಿಕ್. ಮುಂಬಾಗಿಲ ಮೆಟ್ಟಿಲ ಕಂಬಿ ಹಿಡಿದು ಹತ್ತಿ ಬಂದ. ಗಡ್ಡ ಬಿಟ್ಟಿದ್ದ. ಅವಳನ್ನು ಅಪ್ಪಿಕೊಂಡ, ತನ್ನ ಹಳೆಯ ಕುರ್ಚಿಯಲ್ಲೇ ಕೂತ. ಹರ್ಸ್ಟ್‌ನಲ್ಲಿ ಅಪ್ಪ ಅಮ್ಮನನ್ನು ನೋಡಲು ಬಂದವನು ಅಲ್ಲಿಂದ ಹೊತ್ತೇರುವ ಮೊದಲೇ ಹೊರಟು ಇಲ್ಲಿಗೆ ಬಂದಿದ್ದ. ಐಲಿ ಏಲಕ್ಕಿ ಹಾಕಿದ ಪುಲ್ಲಾ ಬ್ರೆಡ್ಡನ್ನು ಕತ್ತರಿಸಿ ಮುಂದಿಟ್ಟಳು.

"ಈ ಸಲ ನಾನಿಲ್ಲ," ಎಂದ.

ಐಲಿ ಕಾಫಿ ಬಗ್ಗಿಸುತ್ತಿದ್ದಳು. "ಎಲ್ಲಿ?"

"ಪಿಂಕ್‌ಬನ್ ತಂಡದಲ್ಲಿ."

ಅವಳು ಪಾತ್ರೆಯನ್ನು ಒಲೆಯ ಮೇಲಿಟ್ಟಳು. "ಅದು ನಾನು ಅಂತ ನಿಂಗೆ ಯಾರು ಹೇಳಿದ್ರು?"

"ಪ್ರತಿ ವರ್ಷ ನನ್ನ ಹೆಸರೇ ಮೊದಲು ಬರಿಯೋರು ಈ ಭೂಮಿ ಮೇಲೆ ಇನ್ಯಾರಿದ್ದಾರೆ, ಟ್ಯಾಟಿ? ನಮ್ಮಮ್ಮನೂ ಬರಿಯಲ್ಲ. ತಂಡದ ಹುಡುಗರು ಓದ್ಕೊಂಡು ನಗ್ತಿದ್ರು. ನೋಡೋ ಎಮ್, ನಿಮ್ಮತ್ತೆ ನಿಂಗೆ ಮತ್ತೆ ಕೆಲಸ ಕೊಡಿಸಿದ್ದಾಳೆ ಅಂತ."

"ನಗ್ತಿದ್ರಾ."

"ನಾನೂ ನಗ್ತಿದ್ದೆ. ಆಮೇಲೆ ಒಬ್ನೇ ಇದ್ದಾಗ ಇನ್ನೊಂದ್ಸಲ ಓದ್ತಿದ್ದೆ."

ಪುಲ್ಲಾ ಮುಟ್ಟದೆ ತಟ್ಟೆಯನ್ನು ಬೆರಳಿನಿಂದ ತಿರುಗಿಸುತ್ತ ಕೇಳಿದ. "ಯಾಕೆ ಬಿಟ್ಟೆ? ದುಡ್ಡಿಗಾ?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ. "ನಿನ್ನ ಎಡಗಾಲು," ಎಂದಳು.

ಅವನು ತಟ್ಟೆ ತಿರುಗಿಸುವುದನ್ನು ನಿಲ್ಲಿಸಿದ.

"ಎಡಕ್ಕೆ ಹೊರಳೋವಾಗ ಮೊದಲು ಬಲಗಾಲಲ್ಲಿ ತಡೀತಿದ್ದೀಯ. ಈಗ ಬರೋವಾಗ್ಲೂ ಕಂಬಿ ಹಿಡ್ಕೊಂಡೆ. ಅದನ್ನ ನಾನು ಅಲ್ಲಿ ಬರೆದಿಲ್ಲ, ಎಮ್. ಯಾರಿಗೂ ಹೇಳಿಲ್ಲ."

"ತಂಡದ ಡಾಕ್ಟ್ರಿಗೇ ಮಾರ್ಚ್‌ವರೆಗೂ ನಾನು ಹೇಳಿರ್ಲಿಲ್ಲ." ಅವನು ಕಿಟಕಿಯ ಕಡೆ ನೋಡಿದ. "ಹೆರನ್ಸ್‌ನವರು ಇನ್ನೂ ಫೋನ್ ಮಾಡಿಲ್ಲ. ತಾಳು, ತಾಳು ಅಂತಾನೆ ನನ್ನ ಏಜೆಂಟ್. ಅಪ್ಪ ಮಾತೇ ಆಡಲ್ಲ. ಒಂದಿನ ರಾತ್ರಿ ಸುಮ್ನೆ ನಿನ್ನ ಪುಟ ತೆಗೆದು ನೋಡ್ದೆ. ಇಲ್ಲಂತೂ ಇರ್ತೀನಿ ಅಂದ್ಕೊಂಡು."

"ಎಮ್."

"ನೀನೊಬ್ಳಾದ್ರೂ ಬರೀಬೋದಿತ್ತು, ಟ್ಯಾಟಿ. ಸುಳ್ಳೇ ಇರ್ಲಿ. ಅದೇನು ನಿಜವಾದ ತಂಡವಾ? ಅದೊಂದು ಆಟ ತಾನೇ."

ತನಗೆ ಅದು ಆಟವಾಗಿರಲಿಲ್ಲ ಎಂದು ಹೇಳಲು ಐಲಿಗೆ ನಾಚಿಕೆಯಾಯಿತು. ಯಾವ ಮ್ಯಾನೇಜರನೂ ನೋಡದ, ಯಾರ ಹೊಟ್ಟೆಯೂ ತುಂಬಿಸದ ಆ ಲೆಕ್ಕವನ್ನು ಅವಳು ಪ್ರಾಮಾಣಿಕವಾಗಿಯೇ ಮಾಡುತ್ತ ಬಂದಿದ್ದಳು. ಪ್ರತಿ ವರ್ಷ ಅವನನ್ನು ಮೊದಲು ಬರೆದದ್ದೂ ಅವನು ಆ ಜಾಗಕ್ಕೆ ಸಲ್ಲುವವನೆಂದೇ. ಈ ವರ್ಷ ಸುಳ್ಳು ಬರೆದಿದ್ದರೆ ಹಿಂದಿನವೂ ಸುಳ್ಳಾಗುತ್ತಿದ್ದವು. 

"ಸೌನಾ ಕಾಯಿಸ್ಲಾ? ಬಿಸಿ ಹಬೆ ಕಾಲಿಗೆ ಒಳ್ಳೇದು," ಎಂದಳು.

"ದೂರ ಹೋಗ್ಬೇಕು," ಎಂದ ಅವನು.

ಇಡೀ ಬೆಳಗು ಕಾರು ಓಡಿಸಿ ಬಂದವನು ಒಂದು ಲೋಟ ಕಾಫಿ ಆರುವಷ್ಟು ಹೊತ್ತು ಕೂತು ಎದ್ದ. ಬಾಗಿಲಲ್ಲಿ ಅವಳ ಹೆಗಲ ಮೇಲೆ ಕೈಯಿಟ್ಟ, ಮುನಿಸಿಗೋ ಪ್ರೀತಿಗೋ ತಿಳಿಯಲಿಲ್ಲ. ಕಾರು ಹೋದ ಮೇಲೆ ಅವಳು ಪುಲ್ಲಾವನ್ನು ಬಟ್ಟೆಯಲ್ಲಿ ಸುತ್ತಿದಳು. ಕಂಪ್ಯೂಟರ್ ತೆರೆದು ಅವನ ಹೆಸರನ್ನು ಮತ್ತೆ ಬರೆದಳು. ಮೊತ್ತ ಕೆಂಪಾಯಿತು. ಹತ್ತೊಂಬತ್ತರ ಹುಡುಗನನ್ನು ತೆಗೆದರೆ ಸರಿಹೋಗುತ್ತಿತ್ತು. ಅವನೂ ಯಾರದೋ ಮನೆಯ ನೆಲಮಾಳಿಗೆಯಲ್ಲಿ ಬೆಳೆದವನೇ. ಯಾವ ಊರಲ್ಲೋ ಯಾವ ಹೆಂಗಸೋ ಅವನಿಗಾಗಿ ಒಲೆಯ ಮೇಲೆ ಬಾಣಲೆ ಇಟ್ಟಿರುತ್ತಾಳೆ. ಐಲಿ ಯಾವ ಬದಲಾವಣೆಯನ್ನೂ ಉಳಿಸದೆ ಕಂಪ್ಯೂಟರ್ ಮುಚ್ಚಿದಳು.

ಹೆರನ್ಸ್ ಫೋನ್ ಮಾಡಲಿಲ್ಲ. ಆಗಸ್ಟ್ ಕೊನೆಗೆ ವೆಂಡೆಲ್ ಬೇಕರಿಯಲ್ಲಿ ಮೊಬೈಲನ್ನು ಕಣ್ಣಿನಿಂದ ದೂರ ಹಿಡಿದು ಓದಿದ. "ನಿನ್ನ ಹುಡುಗ ಫಿನ್ಲೆಂಡಿಗೆ ಹೊರಟ. ಅಲ್ಲಿನ ಎರಡನೇ ಲೀಗಂತೆ. ನಿಂಗೆ ಹೇಳಿದ್ನಾ?"

"ಹೇಳಿದ," ಎಂದಳು ಐಲಿ. ವೆಂಡೆಲ್ ಅವಳ ಮುಖ ನೋಡಿ ಮೊಬೈಲನ್ನು ಜೇಬಿಗಿಟ್ಟುಕೊಂಡ. ಆ ಸುಳ್ಳು ಮಾತ್ರ ಅವಳ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಅಚ್ಚರಿಯಾಯಿತು.

ಮೊದಲ ಹಿಮ ಬಿದ್ದ ಮೇಲೆ ಒಂದು ಮಧ್ಯಾಹ್ನ ಫೋನ್ ಬಂತು. ಆ ಕಡೆ ಗದ್ದಲ, ಯಾರೋ ನಗುತ್ತಿದ್ದರು.

"ಟ್ಯಾಟಿ, ಮೊಣಕಾಲಿಗೆ ಏನಂತಾರೆ ನಿಮ್ಮಲ್ಲಿ?"

"ಪೋಲ್ವಿ."

"ಪೋಲ್ವಿ. ಸರಿ, ಅದು ಅವರಿಗೂ ಗೊತ್ತಾಗುತ್ತೆ. ನೀನು ಕಲಿಸಿದ್ದೆಲ್ಲ ಗೊತ್ತಾಗಲ್ಲ. ಸರೋವರಕ್ಕೆ ಲೇಕಿ ಅಂದೆ, ಎಲ್ಲರೂ ಬಿದ್ದು ಬಿದ್ದು ನಕ್ರು. ಯಾರ್ವಿ ಅನ್ಬೇಕಂತೆ. ಲೇಕಿ ಅನ್ನೋದು ಇಂಗ್ಲಿಷನ್ನೇ ತಿರುಚಿದ್ದಂತೆ. ಮನೆಗೆ ಹೌಸಿ ಅಂದೆ, ಅದೂ ಅಷ್ಟೇ."

"ನಮ್ಮಜ್ಜಿ ಹಾಗೇ ಅಂತಿದ್ಲು."

"ಅದನ್ನೇ ಹೇಳ್ದೆ. ಇದು ನಮ್ಮ ಥಂಡರ್ ಬೇ ಫಿನ್ನಿಶ್ ಅಂತ."

ನಮ್ಮ ಎಂದ. ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಕಾಲು ಹೇಗಿದೆ?"

"ಇದೆ. ಇಲ್ಲಿ ಅಂಕಣ ಅಗಲ, ಓಡೋಕೆ ಜಾಗ ಜಾಸ್ತಿ, ಗುದ್ದೋರು ಕಡಿಮೆ. ಸರಿ ಟ್ಯಾಟಿ, ಕರೀತಿದ್ದಾರೆ."

ಜುಲೈಯ ಮಾತನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಫೋನ್ ಇಟ್ಟ ಮೇಲೆ ಐಲಿ ಅಡುಗೆಮನೆಯಲ್ಲಿ ನಿಂತು ಲೇಕಿ, ಹೌಸಿ ಎಂಬ ಆ ಎರಡು ಪದಗಳನ್ನು ಮೆಲ್ಲಗೆ ಹೇಳಿಕೊಂಡಳು. ಅವಳು ಫಿನ್ಲೆಂಡ್ ಕಂಡವಳಲ್ಲ. ಅಜ್ಜಿಯ ಮಾತು ಇಲ್ಲಿ ಸಾಯುತ್ತಿದ್ದರೂ ಅಲ್ಲಿ ಇಡೀ ದೇಶವೇ ಅದನ್ನಾಡುತ್ತದೆ ಎಂದು ಇಷ್ಟು ದಿನ ನಂಬಿದ್ದಳು. ಅಲ್ಲೂ ಯಾರೂ ಆಡುವುದಿಲ್ಲವಂತೆ. ಈಗ ಆ ಪದಗಳನ್ನು ಬಲ್ಲವರು ಈ ಊರಿನ ಕೆಲವು ಮುದುಕಿಯರು, ಅವಳು, ಮತ್ತು ಹರ್ಸ್ಟ್‌ನ ಒಬ್ಬ ಫ್ರೆಂಚ್ ಹುಡುಗ.

ಎಮೆರಿಕ್ ಅಲ್ಲೇ ನಿಂತ. ಕ್ರಿಸ್‌ಮಸ್‌ಗೆ ಒಂದು ಚಿತ್ರ ಕಳಿಸಿದ. ಹಿಮದಲ್ಲಿ ಅವನು, ಪಕ್ಕದಲ್ಲಿ ಕೆಂಪು ಟೋಪಿಯ ಹೆಂಗಸು. ಹೆಸರು ಬರೆದಿರಲಿಲ್ಲ, ಐಲಿ ಕೇಳಲಿಲ್ಲ. ಇಬ್ಬರೂ ಚೆನ್ನಾಗಿ ಕಾಣುತ್ತೀರಿ ಎಂದು ಉತ್ತರ ಬರೆದಳು.

ವಸಂತದಲ್ಲಿ ಹೆರನ್ಸ್ ಸೋತಿತು. ಐಲಿ ಮೇಜಿನ ಮುಂದೆ ಕೂತಳು. ಯಾರಿಂದ ಶುರುಮಾಡಬೇಕೆಂದು ಸ್ವಲ್ಪ ಹೊತ್ತು ಹೊಳೆಯಲಿಲ್ಲ. ಎಲ್ಲರಂತೆ ತಾರೆಯ ಹೆಸರು ಬರೆದಳು, ಅವನ ಕೆಳಗೆ ಇನ್ನೊಬ್ಬನದು, ಇನ್ನೊಬ್ಬನದು. ಯಾರನ್ನು ತೆಗೆಯುವಾಗಲೂ ಕೈ ತಡೆಯಲಿಲ್ಲ. ಬೇಸಿಗೆಯೆಲ್ಲ ಹಿಡಿಯುತ್ತಿದ್ದ ಕೆಲಸ ಒಂದೇ ಮಧ್ಯಾಹ್ನದಲ್ಲಿ ಮುಗಿದುಹೋಯಿತು. ಹೊರಗೆ ಇನ್ನೂ ಬಿಸಿಲಿತ್ತು.

ಮರುದಿನ ವೆಂಡೆಲ್ ಬೇಕರಿಯಲ್ಲಿ ಅದನ್ನು ಮೇಲಿಂದ ಕೆಳಗೆ ಓದಿದ, ಮತ್ತೆ ಓದಿದ. "ಚೆನ್ನಾಗಿದೆ," ಎಂದ. "ನಗೋಕೆ ಏನೂ ಇಲ್ಲ ಇದ್ರಲ್ಲಿ." ಹಾಗೆನ್ನುವಾಗ ಅವನಿಗೂ ಬೇಸರವಾದಂತಿತ್ತು. ಐಲಿ ಅವನ ಲೋಟ ತುಂಬಿದಳು. ಭಾನುವಾರ ಸರೋವರದ ದಡದಲ್ಲಿದ್ದ ತನ್ನ ಪುಟ್ಟ ಮರದ ಮನೆಗೆ ಹೋಗಿ ದೋಣಿಕಟ್ಟೆಯ ಹಲಗೆಗಳಿಗೆ ಬಣ್ಣ ಬಳಿಯಬೇಕು, ಬರುತ್ತೀಯಾ ಎಂದು ಕೇಳೋಣವೆಂದುಕೊಂಡಳು. ಅಷ್ಟರಲ್ಲಿ ಗಿರಾಕಿಗಳು ಬಂದರು. ಅವಳು ತಿರುಗಿ ನೋಡುವಾಗ ವೆಂಡೆಲ್ ಎದ್ದು ಹೋಗಿದ್ದ.

ಭಾನುವಾರ ಒಬ್ಬಳೇ ಹೋದಳು. ಹಲಗೆಗಳು ಹಿಮಕ್ಕೆ ಸಾಕಷ್ಟು ಸವೆದಿದ್ದವು, ಕೆಲಸ ನಿಧಾನವಾಯಿತು. ಬೇಸಿಗೆಯೆಲ್ಲ ಹಿಡಿಯುವಂಥದ್ದೇ ಅವಳಿಗೂ ಬೇಕಾಗಿತ್ತು.