ಹಿರೇರ ಸಾಲಿನಲ್ಲಿ ಜಾಕಣ್ಣನ ಎಲೆ

ಶ್ರೀರಾಂಪುರದ ಬಸ್ಸು ಇನ್ನೂ ನಮ್ಮ ಹಟ್ಟಿಯ ತನಕ ಬರದಿದ್ದ, ಮನೆಯೊಳಗೂ ಹೊರಗೂ ಕುರಿಗಳೇ ತುಂಬಿದ್ದ ಕಾಲ ಅದು. ನಮ್ಮ ಮೈಗೆ, ಹಾಸಿಗೆಗೆ, ಉಣ್ಣೋ ಅನ್ನಕ್ಕೂ ಉಣ್ಣೆಯದೇ ವಾಸನೆ. ಶಾಲೆಯಲ್ಲಿ ಮೂಗು ಮುಚ್ಚಿಕೊಂಡವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತಿದ್ದೆ.

ಊರವರೆಲ್ಲ ಕುರಿಯ ಕಾಲು ಕಟ್ಟಿ ಕೆಡವಿ ಉಣ್ಣೆ ಕತ್ತರಿಸಿದರೆ, ನಮ್ಮಜ್ಜ ಮಾತ್ರ ಅದನ್ನು ಮಗುವಿನ ಹಾಗೆ ಕುಂಡ್ರಿಸಿ, ತನ್ನ ಮೊಣಕಾಲಿಗೆ ಒರಗಿಸಿಕೊಂಡು ಕತ್ತರಿಸುತ್ತಿದ್ದ. ಕುರಿ ಮಿಸುಕುತ್ತಿರಲಿಲ್ಲ.

"ಯಾರಜ್ಜ ಕಲಿಸಿದ್ದು?"

"ಜಾಕಣ್ಣ ಕಣವ್ವ. ಆಸ್ಟ್ರೇಲಿಯಾದ ಸಿಪಾಯಿ. ಅವನೂ ಕುರಿಯೋನೇ."

ಅಜ್ಜ ಮಹಾಯುದ್ಧಕ್ಕೆ ಹೋಗಿ ಜಪಾನಿನವರ ಕೈಗೆ ಸಿಕ್ಕಿಬಿದ್ದಿದ್ದ. ಸೆರೆಯಲ್ಲಿ ತಂತಿಬೇಲಿಯ ಆಚೆಗೆ ಜಾಕಣ್ಣ. ಒಬ್ಬರ ಮಾತು ಒಬ್ಬರಿಗೆ ಬಾರದು. ಒಂದಿನ ಅಜ್ಜ ಕುರಿ ಕರೆಯೋ ಹಾಗೆ ನಾಲಿಗೆ ಲೊಟಗುಟ್ಟಿಸಿದ್ದೇ ತಡ, ಆತ ಬೇಲಿಗೆ ಬಂದು ನಕ್ಕನಂತೆ. ಆಮೇಲೆ ಗೋಣಿಚೀಲವನ್ನೇ ಕುರಿ ಮಾಡಿ ಉಣ್ಣೆ ಕತ್ತರಿಸೋದು ತೋರಿಸಿದನಂತೆ. ಅಜ್ಜ ಜ್ವರದಲ್ಲಿ ಮಲಗಿದಾಗ ಆತ ತನ್ನ ಪಾಲಿನ ಅನ್ನವನ್ನು ಬೇಲಿಯಡಿ ತಳ್ಳುತ್ತಿದ್ದ. ಅಜ್ಜ ಎದ್ದು ಕುಂತ. ಆಮೇಲೆ ಮಲಗಿದ ಜಾಕಣ್ಣ ಏಳಲಿಲ್ಲ. ಅಲ್ಲೇ ಮಣ್ಣಾದ.

ನನಗೆ ಎಂಟೋ ಒಂಬತ್ತೋ ಇದ್ದಾಗಿನ ಹಿರೇರ ಹಬ್ಬ. ಮನೆಯಲ್ಲಿ ಸತ್ತವರಿಗೆಲ್ಲ ಸಾಲಾಗಿ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನೇ ಎಡೆ ಇಕ್ಕುತ್ತಿದ್ದರು. ಮುದ್ದೆ, ಬಾಡಿನ ಸಾರು, ಕರ್ಜಿಕಾಯಿ, ಮುತ್ತಜ್ಜಿಗೆ ಎಲೆಅಡಿಕೆ. ಆ ವರ್ಷ ಅಜ್ಜ ಇನ್ನೊಂದು ಎಲೆ ತಂದು ಸಾಲಿಗೆ ಹಾಕಿದ. "ಇದು ಜಾಕಣ್ಣಂದು."

ಅಜ್ಜನ ಅಣ್ಣ, ನಮ್ಮ ದೊಡ್ಡಜ್ಜ, ಕಿಡಿಕಿಡಿಯಾದ. "ತಲೆ ಕೆಟ್ಟೈತೇನ್ಲೇ? ಕುಲ ಗೊತ್ತಿಲ್ಲ, ಗೋತ್ರ ಗೊತ್ತಿಲ್ಲ. ಅವನ ಪಕ್ಕ ಕುಂತು ನಮ್ಮ ಹಿರೇರು ಉಣ್ತಾರಾ? ತೆಗಿ ಎಲೇನ!"

"ಅವನ ತಾಯಿಗೆ ಮಗನ ಗುಂಡಿ ಎಲ್ಲೈತೆ ಅಂತಾನೂ ಗೊತ್ತಿಲ್ಲಣ್ಣ. ನಾವೂ ಇಕ್ಕದಿದ್ರೆ ಇನ್ಯಾರು ಇಕ್ತಾರೆ? ಇದನ್ನ ತೆಗೆದ್ರೆ ನಾಳೆ ನಾನು ಸತ್ರೂ ನನಗೆ ಎಡೆ ಇಕ್ಕಬ್ಯಾಡ್ರಿ."

ಆಗ ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಲೆ ಬಿಟ್ಟು ಎದ್ದು ಬಂದಳು. ದೊಡ್ಡಜ್ಜನ ಎದುರು ಯಾವತ್ತೂ ಬಾಯಿ ಬಿಟ್ಟವಳಲ್ಲ.

"ಬಾವಾರೆ, ಯುದ್ಧದಾಗ ಇವರ ಕಾಗದ ನಿಂತೋದಾಗ, ಬಳೆ ಒಡಕಾ, ಗಂಡಂಗೆ ಎಡೆ ಇಕ್ಕು ಅಂದೋರು ನೀವೇ ಅಲ್ವ್ರಾ? ನಾನು ಇಕ್ಕಲಿಲ್ಲ. ಅವತ್ತು ಇವರಿಗೆ ಹಾಕಬೇಕಾಗಿದ್ದ ಎಲೆ ಕಣ್ರಿ ಇದು. ಆ ಪುಣ್ಯಾತ್ಮ ತಾನು ತಗಂಡ."

ದೊಡ್ಡಜ್ಜ ತಾನೇ ಸಾರಿನ ಸೌಟು ಎತ್ತಿಕೊಂಡು, "ಏನಪ್ಪ, ಅವನಿಗೆ ಏನಿಷ್ಟ?" ಅಂದ.

"ಟೀ. ಹಾಲಿಲ್ಲದ್ದು," ಅಂದ ಅಜ್ಜ.

"ಅಯ್ಯೋ ಪಾಪ, ಹಾಲು ಸಿಗ್ತಿರಲಿಲ್ವೇನೋ!" ಎಂದು ಅಜ್ಜಿ ಧಾರಾಳವಾಗಿ ಹಾಲು ಹಾಕಿಯೇ ಲೋಟ ಇಟ್ಟಳು.

ಈಗ ತವರಿನ ಹಟ್ಟಿಯಲ್ಲಿ ಒಂದು ಕುರಿಯೂ ಇಲ್ಲ. ಅಜ್ಜನ ಕತ್ತರಿ ತುಕ್ಕು ಹಿಡಿದಿದೆ, ಕುರಿ ಕುಂಡ್ರಿಸಿ ಉಣ್ಣೆ ತೆಗೆಯುವವರು ಯಾರೂ ಉಳಿದಿಲ್ಲ. ಹಳೇ ಕಂಬಳಿಗೆ ಮೂಗಿಟ್ಟರೆ ನುಸಿಗುಳಿಗೆಯ ವಾಸನೆ. ಸಾಲು ಮಾತ್ರ ಉದ್ದವಾಗಿದೆ. ದೊಡ್ಡಜ್ಜ, ಅಜ್ಜಿ, ಅಜ್ಜ, ಅಜ್ಜನ ಪಕ್ಕದಲ್ಲೇ ಜಾಕಣ್ಣ.

ಈ ಸಲ ಎಡೆ ಇಕ್ಕಿದ್ದು ನನ್ನ ತಮ್ಮನ ಮಗಳು. "ಅತ್ತೆ, ಅವರಿಗೆ ಹಾಲಿಲ್ಲದ ಟೀ ತಾನೆ ಇಷ್ಟ?" ಎಂದು ಲೋಟ ಹಿಡಿದು ನಿಂತಳು.

"ಸುಮ್ನೆ ಹಾಲು ಹಾಕೇ. ನಮ್ಮಜ್ಜಿ ರೂಢಿ ಮಾಡಿಸಿಬಿಟ್ಟವಳೆ."