ರಾಜಣ್ಣ ಹೇಳಿರಲಿಲ್ಲ, ಬಷೀರ್

ಬಷೀರ್, ಆ ಕ್ಯಾಸೆಟ್ಟಿನಿಂದ ನಿನ್ನ ಮೌತ್ ಆರ್ಗನ್ ತೆಗೆಸಿದವನು ನಾನು. ರೆಕಾರ್ಡಿಂಗ್ ರಾಜಣ್ಣ ಅಲ್ಲ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ — ಈಗ ಕೇಳು.

ಎಂಬತ್ತರ ದಶಕದ ಶುರುವಿನಲ್ಲಿ, ಮರಳೂರಿನ ಆ ರೂಮಿನಲ್ಲಿ, ನಾವಿಬ್ಬರೂ ಅಮೆರಿಕದ ಆ ನಿಧಾನದ ನೋವಿನ ಹಾಡು, ಬ್ಲೂಸ್, ಹಿಡಿದು ಕೂತವರು. ಔಷಧಿ ಸೀಸೆಯ ಕತ್ತನ್ನು ಬೆರಳಿಗೆ ಸಿಕ್ಕಿಸಿ ನಾನು ಗಿಟಾರಿನ ತಂತಿಯ ಮೇಲೆ ಜಾರಿಸುತ್ತಿದ್ದೆ, ನೀನು ಮೌತ್ ಆರ್ಗನ್ನಿನಲ್ಲಿ ಉತ್ತರ ಕೊಡುತ್ತಿದ್ದೆ. ಮದುವೆ ಆರ್ಕೆಸ್ಟ್ರಾದವರೆಂದರೆ ನಮಗೆ ನಗು. "ಕುಣಿಸೋ ಹಾಡು ನಮಗ್ಯಾಕ್ಲಾ" ಅನ್ನುತ್ತಿದ್ದೆ ನೀನು. ನಾನೂ ಹೂಂಗುಟ್ಟುತ್ತಿದ್ದೆ.

ಕುಣಿಗಲ್ಲಿನಲ್ಲಿ ನಿನ್ನ ತಂಗಿಯ ಮದುವೆಯ ದಿನ — ನೀನು ಊಟಕ್ಕೆ ಬಡಿಸುತ್ತಿದ್ದೆ — ನಾನು ಅದೇ ಆರ್ಕೆಸ್ಟ್ರಾದವರ ಗಿಟಾರ್ ಇಸಕೊಂಡು ನಮ್ಮ ನಿಧಾನದ ಹಾಡೊಂದನ್ನು ಜೋರು ಮಾಡಿ ಬಾರಿಸಿದೆ. ಮಧ್ಯದ ಉದ್ದನೆಯ ವಾದನ ಬಿಟ್ಟುಬಿಟ್ಟೆ. ಜನ "ಒನ್ಸ್ ಮೋರ್" ಅಂದರು. ಎಷ್ಟು ಖುಷಿಯಾಯಿತೆಂದರೆ — ನಿನಗೆ ಹೇಳಲು ನಾಚಿಕೆಯಾಯಿತು.

ನೀನು ಮದುವೆಮನೆ ಕೆಲಸ ಮುಗಿಸಿ ಬರುವುದರೊಳಗೆ ನಾನು ತುಮಕೂರಿನ ರಾಜಣ್ಣನವರ ಸ್ಟುಡಿಯೋದಲ್ಲಿ ನಮ್ಮ ಹಾಡುಗಳನ್ನೆಲ್ಲ ಹಾಗೇ ಕುಣಿಸುವ ಪಾಪ್ ಮಾಡಿಸಿದೆ. ಹುಡುಗಿಯರ ಕೋರಸ್ ಹಾಕಿಸಿದೆ. ಬೇರೆ ಟೇಪಿಗೆ ಕಾಯುವ ತಾಳ್ಮೆಯಿಲ್ಲದೆ, ಮೊದಲು ಅಲ್ಲೇ ನೀನು ನುಡಿಸಿದ್ದ ಟೇಪಿನ ಮೇಲೆಯೇ ರೆಕಾರ್ಡ್ ಮಾಡಿಸಿದೆ. "ಬಷೀರಂಗೆ ಗೊತ್ತೇನಪ್ಪಾ?" ಅಂತ ರಾಜಣ್ಣ ಕೇಳಿದರು. ಗೊತ್ತು ಅಂದೆ.

ಕ್ಯಾಸೆಟ್ ಕೇಳಿ ನಿನ್ನ ಮುಖ ಬಿಳಿಚಿಕೊಂಡಿತು. "ರಾಜಣ್ಣ ಹಿಂಗೇ ಇರ್ಲಿ ಅಂದ್ರು ಕಣೋ" ಅಂದುಬಿಟ್ಟೆ ನಾನು. ನೀನು ನೆಟ್ಟಗೆ ಸ್ಟುಡಿಯೋಗೆ ನುಗ್ಗಿ, ಗಿರಾಕಿಗಳ ಎದುರೇ, ಬಾಯಿಗೆ ಬಂದ ಹಾಗೆ ಬೈದೆ. ರಾಜಣ್ಣ ಒಮ್ಮೆ ನಿನ್ನ ಹಿಂದೆ ನಿಂತಿದ್ದ ನನ್ನ ಕಡೆ ನೋಡಿದರು — ನಾನು ತಲೆ ತಗ್ಗಿಸಿದೆ. "ತಪ್ಪಾಯ್ತು ಬಿಡಪ್ಪ" ಅಂದರು. ಮಾಡದ ತಪ್ಪಿಗೆ. ಆಮೇಲೆ ನೀನು ಗುಬ್ಬಿಯ ನಿಮ್ಮ ಅಂಗಡಿ ಸೇರಿದೆ, ಮೌತ್ ಆರ್ಗನ್ ಮುಟ್ಟಲಿಲ್ಲ.

ಪಾಪ್ ಮಾಡಿದ್ದು ತಪ್ಪು ಅಂತ ಮಾತ್ರ ನನ್ನ ಬಾಯಲ್ಲಿ ಬರುವುದಿಲ್ಲ. ಆ ಹಾಡುಗಳು ಚೆನ್ನಾಗಿವೆ. ಕೋರದಲ್ಲಿ ಬಸ್ಸು ನಿಂತಾಗ ಟೀ ಅಂಗಡಿಯಿಂದ ಒಂದು ಕೇಳಿಬಂತು — ಎದೆಯುಬ್ಬಿತು, ಸುಳ್ಳೇಕೆ ಹೇಳಲಿ. ಬ್ಲೂಸಿನವನು ಜನರನ್ನು ಕುಣಿಸಬಾರದೆಂದು ಯಾವ ದೇವರು ಹೇಳಿದ್ದಾನೆ? ಇದನ್ನು ಅವತ್ತೇ ನಿನ್ನೆದುರು ನಿಂತು ಹೇಳಿ ಜಗಳವಾಡಬೇಕಿತ್ತು. ಆಡಲಿಲ್ಲ. ನಿನ್ನ ಉಸಿರನ್ನು ಟೇಪಿನಿಂದ ಅಳಿಸಿ, ಆ ತಪ್ಪನ್ನು ಒಬ್ಬ ಒಳ್ಳೆಯವನ ತಲೆಗೆ ಕಟ್ಟಿದೆ. ಅದಕ್ಕೆ ಕ್ಷಮೆಯಿಲ್ಲ, ನಾನು ಕೇಳುವುದೂ ಇಲ್ಲ.

ನಾಳೆ ಮೊದಲು ರಾಜಣ್ಣನವರ ಮನೆಗೆ ಹೋಗುತ್ತೇನೆ. ಅಲ್ಲಿಂದ ಗುಬ್ಬಿಗೆ. ನಿನ್ನ ಅಂಗಡಿಯಲ್ಲಿ ಗಿರಾಕಿಗಳು ತುಂಬಿರುವ ಹೊತ್ತಿಗೇ ಬರುತ್ತೇನೆ. ಅವತ್ತು ರಾಜಣ್ಣನವರಿಗೆ ಬೈದಷ್ಟೇ ಜೋರಾಗಿ ನನಗೆ ಬೈ.