ಮೀಟರಕ್ಕನ ಮನೆಯ ಚಾಡಿಪೆಟ್ಟಿಗೆ

ಇಪ್ಪತ್ತಾರು ವರ್ಷ ಮನೆಮನೆ ತಿರುಗಿ ವಿದ್ಯುತ್ ಮೀಟರ್ ಓದಿದವಳನ್ನು ಜನ ಮೀಟರಕ್ಕ ಎನ್ನದೆ ಇನ್ನೇನೆಂದಾರು? ಸ್ವಂತ ಹೆಸರು ಪಿಂಚಣಿ ಕಾಗದದಲ್ಲಿ ಮಾತ್ರ ಉಳಿದಿತ್ತು. ಕೈಯಲ್ಲಿ ಟಾರ್ಚು, ಕಂಕುಳಲ್ಲಿ ಉದ್ದನೆಯ ಪುಸ್ತಕ ಹಿಡಿದು ಅವಳು ಬರುತ್ತಿದ್ದರೆ ಬೀದಿನಾಯಿಗಳು ಕೂಡ ಬೊಗಳುವ ಗೋಜಿಗೆ ಹೋಗುತ್ತಿರಲಿಲ್ಲ.

ಅಂಕಿ ನೋಡಿದರೆ ಸಾಕು, ಮನೆಯ ಒಳಗುಟ್ಟು ಅವಳಿಗೆ ತಿಳಿದುಬಿಡುತ್ತಿತ್ತು. ಯಾರ ಮನೆಗೆ ಬಂದ ನೆಂಟರು ತಿಂಗಳಾದರೂ ಕದಲಿಲ್ಲ, ಯಾವ ಮನೆಯ ಗಂಡಸು ಮುನಿಸಿಕೊಂಡು ಹೊರಟುಹೋಗಿದ್ದಾನೆ, ಎಲ್ಲ ಮೀಟರಿನ ಆ ಪುಟ್ಟ ಕಿಟಕಿಯಲ್ಲಿತ್ತು. ಒಂದನ್ನೂ ಅವಳು ಬಾಯಿಬಿಟ್ಟವಳಲ್ಲ. ಅವಳಿಗೆ ಇನ್ನೊಂದು ಹಟವಿತ್ತು. ಬಾಗಿಲಿಗೆ ಬೀಗವಿದ್ದರೆ ಜೊತೆಯವರು ಟೀ ಅಂಗಡಿಯಲ್ಲಿ ಕೂತು ಅಂದಾಜಿಗೆ ಒಂದು ಅಂಕಿ ಗೀಚುತ್ತಿದ್ದರು. ಇವಳು 'ಬೀಗ' ಎಂದು ಬರೆದು ಮರುದಿನ ಮತ್ತೆ ಅಷ್ಟು ದೂರ ನಡೆಯುತ್ತಿದ್ದಳು. ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಅಂದಾಜಿನ ಅಂಕಿ ಅವಳ ಪುಸ್ತಕದಲ್ಲಿ ಇರಲಿಲ್ಲ.

ಆಮೇಲೆ ತಾವಾಗಿಯೇ ಲೆಕ್ಕ ಕಳಿಸುವ ಮೀಟರುಗಳು ಬಂದವು. ಅವಳು ನಿವೃತ್ತಳಾದಳು, ಅವಳ ಅಳಿಯ ಅದೇ ಮೀಟರುಗಳನ್ನು ಕೂರಿಸುವ ಕೆಲಸಕ್ಕೆ ಸೇರಿದ. ಮಗಳು ಔಷಧಿ ಅಂಗಡಿಯಲ್ಲಿದ್ದಳು. ಬೆಳಿಗ್ಗೆ ಎಂಟಕ್ಕೆ ಎರಡು ವರ್ಷದ ಪುಟ್ಟಿಯನ್ನು ಅಮ್ಮನ ಮಡಿಲಿಗೆ ಹಾಕಿ ಹೋದರೆ ಸಂಜೆಯೇ ಬರುವುದು. ಆ ಹತ್ತು ಗಂಟೆಗಾಗಿಯೇ ಮೀಟರಕ್ಕ ಬದುಕಿದ್ದಳು ಎಂದರೆ ತಪ್ಪಿಲ್ಲ.

ಒಂದು ಭಾನುವಾರ ಅಳಿಯ ಬಿಳಿಯ ಪೆಟ್ಟಿಗೆಯೊಂದನ್ನು ತಂದು ಅತ್ತೆಯ ಮನೆಯ ಪಡಸಾಲೆಯ ಕಪಾಟಿನ ಮೇಲಿಟ್ಟ. ಪ್ರಯೋಗಕ್ಕೆ ಆರಿಸಿದ ನಲವತ್ತು ಮನೆಗಳಲ್ಲಿ ಇದೂ ಒಂದಂತೆ. ದೀಪ, ಫ್ಯಾನು, ಪಂಪು, ಎಲ್ಲವೂ ಪೆಟ್ಟಿಗೆಯೊಂದಿಗೆ ಮಾತಾಡುತ್ತವೆ, ಪೆಟ್ಟಿಗೆ ಮೀಟರಿನೊಂದಿಗೆ ಮಾತಾಡುತ್ತದೆ, ಊರಿಗೆಲ್ಲ ಕರೆಂಟು ಸಾಲದಿದ್ದಾಗ ಪಂಪು ತಾನೇ ತಡೆದು ನಿಲ್ಲುತ್ತದೆ ಎಂದು ವಿವರಿಸಿದ. ಯಾವ ದೀಪ ಎಷ್ಟು ಹೊತ್ತು ಉರಿಯಿತು ಎಂಬುದು ಫೋನಿನಲ್ಲೂ ಬರುತ್ತದೆ. ಅತ್ತೆಯದು ಗುಂಡಿ ಒತ್ತುವ ಫೋನಾದ್ದರಿಂದ ಅದನ್ನು ಹೆಂಡತಿಯ ಫೋನಿಗೆ ಹಾಕಿಕೊಟ್ಟ.

ಮೀಟರಕ್ಕ ಪೆಟ್ಟಿಗೆಯನ್ನೇ ನೋಡುತ್ತಾ ಲೆಕ್ಕ ಹಾಕಿದಳು. ತಿಂಗಳಿಗೊಂದು ಅಂಕಿಯಿಂದಲೇ ತಾನು ಅಷ್ಟು ತಿಳಿಯುತ್ತಿದ್ದೆ, ಗಳಿಗೆಗೊಂದು ಅಂಕಿ ಸಿಕ್ಕಿದವರು ಏನೇನು ತಿಳಿಯಲಿಕ್ಕಿಲ್ಲ? ನಲವತ್ತು ಮನೆಗಳಲ್ಲಿ ತನ್ನ ಮನೆಯೇ ಏಕೆ ಬೇಕಿತ್ತು ಈ ಅಳಿಯನಿಗೆ? ಆ ನಗು ಮುಖದ ಹಿಂದೆ ಏನೋ ಇದೆ ಎಂಬ ಅನುಮಾನ ಅವಳಲ್ಲಿ ಗಟ್ಟಿಯಾಯಿತು.

ಹೆದರಲು ಕಾರಣವೂ ಇತ್ತು. ಆರು ತಿಂಗಳಿಂದ ಅವಳ ಕಣ್ಣು ಮಂಜಾಗುತ್ತಿತ್ತು. ಮಟಮಟ ಮಧ್ಯಾಹ್ನವೂ ಅಡುಗೆಮನೆಯಲ್ಲಿ ದೀಪ ಹಾಕಿಕೊಂಡೇ ಅಕ್ಕಿ ಆರಿಸಬೇಕಿತ್ತು. ಹದಿನೈದು ದಿನದ ಹಿಂದೆ ಪುಟ್ಟಿ ನೆಲದಿಂದ ಏನೋ ಹೆಕ್ಕಿ ಬಾಯಿಗಿಟ್ಟಾಗ ಇವಳಿಗೆ ಕಂಡಿರಲಿಲ್ಲ. ಮಗು ಉಗುಳಲು ಒದ್ದಾಡುವ ಸದ್ದು ಕೇಳಿ ಬೆರಳು ಹಾಕಿ ತೆಗೆದರೆ, ಬಾಯಿ ತೆರೆದ ಸೇಫ್ಟಿ ಪಿನ್ನು. ಅವತ್ತಿನಿಂದ ಮನೆಯ ನಾಲ್ಕೂ ದೀಪಗಳು ಹಗಲಿಡೀ ಉರಿಯತೊಡಗಿದವು. ಮಗಳಿಗೆ ಗೊತ್ತಾದರೆ ನಾಳೆಯಿಂದ ಪುಟ್ಟಿ ಬರುವುದಿಲ್ಲ.

ಮಗಳ ಮಾತುಗಳೂ ಈಗ ಬೇರೆಯಾಗಿ ಕೇಳುತ್ತಿದ್ದವು. ನಿನ್ನೆ ಇಲ್ಲಿ ಮೋಡ ಇತ್ತಾ ಎಂದು ಒಂದು ಸಂಜೆ ಸುಮ್ಮನೆ ಕೇಳಿದಂತೆ ಕೇಳಿದಳು. ಸುಡುಬಿಸಿಲಿದ್ದ ದಿನ ಅದು. ದಟ್ಟ ಮೋಡ ಎಂದು ಮೀಟರಕ್ಕ ಕಣ್ಣು ಮಿಟುಕಿಸದೆ ಹೇಳಿದಳು. ಮಗಳು ಹೂಂಗುಟ್ಟಿ ಫೋನು ನೋಡಿಕೊಂಡಳು. ಮರುದಿನ ಬೆಳಿಗ್ಗೆಯೇ ಮೀಟರಕ್ಕ ದೊಡ್ಡ ಸ್ಟೀಲ್ ಡಬ್ಬಿಯೊಂದನ್ನು ಖಾಲಿ ಮಾಡಿ ಚಾಡಿಪೆಟ್ಟಿಗೆಯ ಮೇಲೆ ಕವುಚಿದಳು. ಲೋಹದ ಕೋಣೆಯಲ್ಲಿ ರೇಡಿಯೋ ಹಿಡಿಯುವುದಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಎತ್ತಿ ಇಣುಕಿದರೆ ಪೆಟ್ಟಿಗೆಯ ಹಸಿರು ಚುಕ್ಕೆ ಕೆಂಪಾಗಿತ್ತು. ಬಾಯಿ ಮುಚ್ಚಿಸಿದೆ ಎಂದು ಬೀಗಿದಳು. ಸಂಜೆ ಮಗಳು ಬರುವ ಮೊದಲು ಡಬ್ಬಿ ತೆಗೆಯುವುದು, ಬೆಳಿಗ್ಗೆ ಮತ್ತೆ ಮುಚ್ಚುವುದು, ಹೀಗೆ ವಾರ ಕಳೆಯಿತು.

ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಮಗಳು ಹೇಳದೆ ಕೇಳದೆ ಬಂದು ನಿಂತಳು. ನೆಲದ ಮೇಲೆ ಬಿಸಿಲು ಬಿದ್ದಿತ್ತು, ನಾಲ್ಕು ದೀಪ ಉರಿಯುತ್ತಿದ್ದವು. ಅವಳು ನೇರ ಕಪಾಟಿಗೆ ಹೋಗಿ ಡಬ್ಬಿ ಎತ್ತಿದಳು.

"ಇದಕ್ಕೆ ಎರಡು ದಾರಿ ಅಂತೆ ಅಮ್ಮ. ಗಾಳಿ ದಾರಿ ಮುಚ್ಚಿದ್ರೆ ವೈರ್ ದಾರೀಲಿ ಹೋಗುತ್ತೆ. ಎಲ್ಲಾ ಬರ್ತಾನೇ ಇತ್ತು."

ವೈರು! ಬದುಕಿಡೀ ವೈರಿನ ಜೊತೆ ಏಗಿದವಳಿಗೆ ವೈರಿನ ಮೇಲೆ ಅನುಮಾನವೇ ಬಂದಿರಲಿಲ್ಲ. ಮೀಟರಕ್ಕ ರೇಗಿದಳು. ಹೆತ್ತವಳ ಮೇಲೆ ಬೇಹು ಬಿಡುತ್ತೀರಾ, ಪೆಟ್ಟಿಗೆ ಸುಳ್ಳು ಹೇಳುತ್ತದೆ, ನನ್ನ ಕಣ್ಣಿಗೇನಾಗಿದೆ ಎಂದಳು. ಕಣ್ಣಿನ ಸುದ್ದಿಯನ್ನು ಮಗಳು ಎತ್ತಿರಲೇ ಇಲ್ಲ. ಈಗ ಅವಳು ಪುಟ್ಟಿಯನ್ನು ಎತ್ತಿಕೊಂಡು ಬಾಗಿಲು ತೋರಿಸಿದಳು.

"ಹೊರಗೆ ಬಾ. ಮೀಟರ್ ಓದಿ ಹೇಳು. ನೀನು ಓದಿದ್ರೆ ಪೆಟ್ಟಿಗೆ ಇವತ್ತೇ ಕಿತ್ತು ಹಾಕಿಸ್ತೀನಿ."

ಮೀಟರಕ್ಕ ಹೊರಗಿನ ಗೋಡೆಯ ಮುಚ್ಚಳ ತೆಗೆದು ಟಾರ್ಚು ಬಿಟ್ಟಳು. ಕಿಟಕಿಯಲ್ಲಿ ಬೂದುಬಣ್ಣ ಕದಡಿತ್ತು. ಮೊನ್ನೆ ಭಾನುವಾರ ಬಂದಿದ್ದ ಅಳಿಯ ಮೀಟರ್ ನೋಡಿ ನಾನೂರ ಹನ್ನೆರಡು ಎಂದಿದ್ದ, ದಿನಕ್ಕೆ ನಾಲ್ಕರಂತೆ ಇವತ್ತಿಗೆ ನಾನೂರ ಇಪ್ಪತ್ತೆಂಟು. ಒಂದು ಅಂಕಿ ಹೆಚ್ಚುಕಡಿಮೆ ಇರಬಹುದು ಅಷ್ಟೆ. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಪುಟ್ಟಿ ನಾಳೆಯೂ ಬರುತ್ತಾಳೆ.

ಟಾರ್ಚು ಆರಿಸಿದಳು.

"ಅಂದಾಜು ಹೇಳಲ್ಲ ನಾನು. ಕಾಣಿಸ್ತಿಲ್ಲ ಕಣೇ."

ಮೀಟರಕ್ಕ ಮುಚ್ಚಳವನ್ನು ತಡವಿ ಹಾಕಿದಳು.

"ಇನ್ನೊಂದಿದೆ. ಅದು ನಿನ್ನ ಪೆಟ್ಟಿಗೆಗೂ ಗೊತ್ತಿಲ್ಲ" ಎಂದು ಪಿನ್ನಿನ ವಿಷಯ ಮೊದಲಿಂದ ಕೊನೆಯವರೆಗೆ ಹೇಳಿದಳು. ಕೇಳುತ್ತಾ ಕೇಳುತ್ತಾ ಮಗಳು ಪುಟ್ಟಿಯನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದದ್ದು ಮಾತ್ರ ಮೀಟರಕ್ಕನಿಗೆ ಚೆನ್ನಾಗಿ ಕಾಣಿಸಿತು.